ಅರ್ಧ ಹೆಸರಿನ ಗಾಜಿನ ಲೋಟ

ನನ್ನ ಮೇಜಿನ ಮೇಲೆ ಪೆನ್ನು ನಿಲ್ಲಿಸಲು ಇಟ್ಟುಕೊಂಡಿರುವ ಈ ಗಾಜಿನ ಲೋಟ ನನಗೆ ಒಂದು ಕೈಗಡಿಯಾರಕ್ಕೆ ಬಿತ್ತು. ಆ ಕಾಲದಲ್ಲಿ ಇಂಥ ಲೋಟವನ್ನು ಡಜನ್ ಲೆಕ್ಕದಲ್ಲಿ ಕೊಂಡರೆ ಒಂದಕ್ಕೆ ಒಂದು ರೂಪಾಯಿಯೂ ಆಗುತ್ತಿರಲಿಲ್ಲ. ಅಂಗಡಿಯವನ ಎದುರು ಇನ್ನೂ ಸ್ವಲ್ಪ ಹೊತ್ತು ನಿಂತು ಮಾತಾಡುವ ತಾಳ್ಮೆಯಿದ್ದರೆ ಡಜನ್ನಿನ ಮೇಲೊಂದು ಬಿಟ್ಟಿ ಬರುತ್ತಿತ್ತು. ನನಗೆ ಆ ತಾಳ್ಮೆ ಯಾವತ್ತೂ ಇತ್ತು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಇಡೀ ಚನ್ನಗಿರಿಯಲ್ಲಿ ಇಬ್ಬರೋ ಮೂವರೋ ಸಿಕ್ಕಾರು, ಅವರಲ್ಲೊಬ್ಬಳು ನನ್ನ ಹೆಂಡತಿ. ಅಂಥವನು ಒಂದು ರೂಪಾಯಿಯ ಲೋಟಕ್ಕೆ, ಮದುವೆಯಲ್ಲಿ ಮಾವ ತಮ್ಮ ಕೈಯಾರೆ ಕಟ್ಟಿದ ಹದಿನೇಳು ಜುವೆಲ್ಲಿನ ಕೀ ಕೊಡುವ ಗಡಿಯಾರವನ್ನು ಯಾಕೆ ಕೊಟ್ಟ ಎಂದು ನೀವು ಕೇಳಬೇಕು. ಕೇಳುತ್ತೀರಿ ಅಂತಲೇ ಕೂತಿದ್ದೇನೆ.

ಲೋಟದ ಮೇಲೆ ನೀಲಿ ಅಕ್ಷರದಲ್ಲಿ ‘ರುದ್ರಣ್ಣ’ ಎಂದಿದೆ. ಅದರ ಮುಂದೆ ‘ನ ಹೋಟ್ಲು’ ಎಂದು ಇರಬೇಕಿತ್ತು, ಇಲ್ಲ. ಎದ್ದುಹೋಗಿದೆ. ಉಳಿದ ಅಕ್ಷರಗಳ ಅಂಚು ನೇರವಾಗಿ ಕತ್ತರಿಸಿದ ಹಾಗಿಲ್ಲ, ಹೆಬ್ಬೆಟ್ಟಿನ ಹಾಗೆ ದುಂಡಗಿದೆ. ಮನೆಗೆ ಬಂದವರು ಯಾರೋ ರುದ್ರಣ್ಣ ಎಂಬುವರು ಉಡುಗೊರೆ ಕೊಟ್ಟಿರಬೇಕು ಎಂದುಕೊಳ್ಳುತ್ತಾರೆ. ರುದ್ರಣ್ಣ ಉಡುಗೊರೆ ಕೊಡುವ ಜಾತಿಯ ಮನುಷ್ಯನಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ವಿಷಯ ಹೇಳಿಬಿಡಬೇಕು. ನಮ್ಮ ಕಡೆ ಪಾತ್ರೆ ಎಂದರೆ ಅದರ ಮೇಲೊಂದು ಹೆಸರು ಇರಲೇಬೇಕು. ನನ್ನ ಬಾಲ್ಯದಲ್ಲಿ ಹೆಸರು ಕೊರೆಯುವವನು ಒಂದು ಸಣ್ಣ ಸುತ್ತಿಗೆ, ಒಂದು ಚಾಣ ಹಿಡಿದುಕೊಂಡು ಬೀದಿಗೆ ಬರುತ್ತಿದ್ದ. ಜಗಲಿಯ ಮೇಲೆ ಕೂತು ಟಿಕ್ ಟಿಕ್ ಅನ್ನಿಸುತ್ತಾ ಚುಕ್ಕೆಚುಕ್ಕೆಯಾಗಿ ಅಕ್ಷರ ಕೊರೆಯುತ್ತಿದ್ದ. ಅವನ ಕೂಲಿ ಅಕ್ಷರದ ಲೆಕ್ಕ. ಹಾಗಾಗಿ ನಮ್ಮಜ್ಜಿ ಅಜ್ಜನ ಹೆಸರನ್ನು ಎರಡಕ್ಷರಕ್ಕೆ ಇಳಿಸಿ, ಊರಿನ ಹೆಸರನ್ನು ಒಂದಕ್ಷರಕ್ಕೆ ಇಳಿಸಿ, ಕೊನೆಗೆ ಒಂದು ಚುಕ್ಕೆಯನ್ನು ಬಿಟ್ಟಿ ಹಾಕಿಸಿಕೊಳ್ಳುತ್ತಿದ್ದಳು. ಚೌಕಾಸಿ ನನಗೆ ಬಂದದ್ದು ಆ ಕಡೆಯಿಂದ. ಅಕ್ಷರ ಕಲಿತದ್ದೂ ಅಲ್ಲೇ. ಶಾಲೆಯ ಮೇಷ್ಟ್ರಿಗಿಂತ ಮೊದಲು ನನಗೆ ಓದು ಕಲಿಸಿದ್ದು ಊಟದ ತಟ್ಟೆಗಳು. ಮದುವೆಮನೆಯಲ್ಲಿ ಹತ್ತು ಮನೆಯ ತಟ್ಟೆ ಬೆರೆತಿರುತ್ತಿದ್ದವು. ನಾನು ಅನ್ನ ಹಾಕುವ ಮೊದಲು ತಟ್ಟೆ ಎತ್ತಿ, ಇದು ಯಾರ ಮನೆಯದು ಎಂದು ಗಟ್ಟಿಯಾಗಿ ಓದಿ, ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡುವಂತೆ ಮಾಡಿ, ತಲೆಯ ಮೇಲೊಂದು ಮೊಟಕಿಸಿಕೊಳ್ಳುತ್ತಿದ್ದೆ.

ಹೀಗೆ ಪಾತ್ರೆಯ ಮೇಲೆ ಅಕ್ಷರ ನೋಡುತ್ತಾ ಬೆಳೆದವನು ಬೋರ್ಡು ಬರೆಯುವ ಕೆಲಸ ಹಿಡಿದೆ. ಅಲ್ಲಿಂದ ಸ್ಕ್ರೀನ್ ಪ್ರಿಂಟಿಂಗ್. ಅದನ್ನು ನನಗೆ ಯಾರೂ ಕಲಿಸಲಿಲ್ಲ. ದಾವಣಗೆರೆಯಲ್ಲಿ ಒಬ್ಬರು ಆ ರೀತಿ ಮದುವೆ ಕಾರ್ಡು ಮಾಡುತ್ತಿದ್ದರು. ಅವರ ಅಂಗಡಿಯಲ್ಲಿ, ಇಲ್ಲದ ಮದುವೆಯೊಂದಕ್ಕೆ ಕಾರ್ಡು ಮಾಡಿಸುವವನ ಹಾಗೆ ಎರಡು ದಿನ ಕೂತು ಚೌಕಾಸಿ ಮಾಡಿದೆ. ಬಾಯಿ ಬೆಲೆ ಮಾತಾಡುತ್ತಿತ್ತು, ಕಣ್ಣು ಕೆಲಸ ನೋಡುತ್ತಿತ್ತು. ಮರದ ಚೌಕಟ್ಟಿಗೆ ತೆಳುವಾದ ನೈಲಾನ್ ಬಟ್ಟೆ ಬಿಗಿಯುವುದು. ಜಿಲೆಟಿನ್ನಿಗೆ ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳು ಬೆರೆಸಿ, ಮಬ್ಬು ಬೆಳಕಿನಲ್ಲಿ ಆ ಬಟ್ಟೆಗೆ ಸವರುವುದು. ಒಣಗಿದ ಮೇಲೆ ಕಪ್ಪು ಅಕ್ಷರ ಬರೆದ ಬಟರ್ ಪೇಪರನ್ನು ಅದರ ಮೇಲಿಟ್ಟು ಬಿಸಿಲಿಗೆ ಒಡ್ಡುವುದು. ಬಿಸಿಲು ತಾಗಿದ ಕಡೆ ಗಟ್ಟಿಯಾಗುತ್ತದೆ. ಅಕ್ಷರದ ನೆರಳು ಬಿದ್ದ ಕಡೆ ಉಗುರುಬೆಚ್ಚನೆಯ ನೀರು ಹಾಕಿದರೆ ಕರಗಿ ಹೋಗಿ ಬಟ್ಟೆಯ ಕಣ್ಣು ತೆರೆಯುತ್ತದೆ. ಆ ಕಣ್ಣುಗಳ ಮೂಲಕ ಶಾಯಿಯನ್ನು ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗೆ ಅಕ್ಷರ. ಇಷ್ಟೇ. ಎರಡನೆಯ ದಿನ ಸಂಜೆ ಅವರು, ಇವನು ಮದುವೆಯೂ ಆಗುವುದಿಲ್ಲ, ಕಾರ್ಡೂ ಮಾಡಿಸುವುದಿಲ್ಲ ಎಂದು ಎದ್ದು ಹೋಗಲು ಹೇಳಿದರು. ಅಷ್ಟರಲ್ಲಿ ನನ್ನ ಪಾಠ ಮುಗಿದಿತ್ತು.

ಮದುವೆಯೂ ಆಯಿತು, ಸುಳ್ಳಲ್ಲ. ಮರುವರ್ಷವೇ ನ್ಯಾಮತಿಯ ಗಿರಿಜೆಯನ್ನು ಕಟ್ಟಿಕೊಂಡೆ. ಹೆಣ್ಣು ಕೊಡುವಾಗ ಅವರ ಕಡೆಯ ನಾಲ್ಕು ಜನ, ಬೋರ್ಡು ಬರೆಯುವವನಿಗೆ ಯಾಕೆ ಕೊಡುತ್ತೀರಿ ಎಂದು ಮಾವನನ್ನು ಕೇಳಿದ್ದರಂತೆ. ಹುಡುಗ ತನ್ನ ಕೈಯಿಂದ ಬದುಕುತ್ತಾನೆ ಎಂದು ಮಾವ ಉತ್ತರ ಕೊಟ್ಟಿದ್ದರಂತೆ. ಅವರು ತಮ್ಮ ಕೈಗೆ ಎಂದೂ ಗಡಿಯಾರ ಕಟ್ಟಿದವರಲ್ಲ. ನನಗಾಗಿ ಶಿವಮೊಗ್ಗದಲ್ಲಿ ಮೂರು ಅಂಗಡಿ ತಿರುಗಿ, ಕಿವಿಗಿಟ್ಟು ಕೇಳಿ ಕೇಳಿ ಆ ಗಡಿಯಾರ ಆರಿಸಿ ತಂದಿದ್ದರು.

ಇನ್ನು ರುದ್ರಣ್ಣ. ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಹೋಟೆಲ್ ಇಟ್ಟಿದ್ದವನು. ಅವನ ಹೋಟೆಲ್ಲಿಗೆ ಬೋರ್ಡು ಬರೆದವನು ನಾನೇ. ದೀಪಾವಳಿ ಪಾಡ್ಯದ ದಿನ ಎದುರುಗಡೆಗೆ ದೊಡ್ಡದಾಗಿ ಹೊಸ ಹೋಟೆಲ್ ಶುರು ಮಾಡುವವನಿದ್ದ. ಅವನ ಸಂಕಟ ಒಂದೇ, ಲೋಟಗಳು ನಡೆದುಕೊಂಡು ಹೋಗುತ್ತಿದ್ದವು. ಅಕ್ಕಪಕ್ಕದ ಅಂಗಡಿಗಳಿಗೆ ಟೀ ಕಳಿಸಿದರೆ ಹತ್ತು ಹೋಗಿ ಏಳು ಬರುತ್ತಿದ್ದವು. ಉಳಿದ ಮೂರು ಪಕ್ಕದ ಟೀ ಅಂಗಡಿಯವನ ತಟ್ಟೆಯಲ್ಲಿ ಕೂತು ಇವನನ್ನೇ ನೋಡುತ್ತಿದ್ದವು. ಕೇಳಿದರೆ, ನಿನ್ನ ಹೆಸರು ಬರೆದೈತಾ ಅನ್ನುತ್ತಿದ್ದನಂತೆ ಅವನು.

ಗಾಜಿನ ಮೇಲೆ ಹೆಸರು ಅಚ್ಚು ಹಾಕಿಕೊಡುತ್ತೇನೆ ಎಂದು ನಾನು ಹೇಳಿದೆ. ಅಲ್ಲಿಯವರೆಗೆ ಒಂದೇ ಒಂದು ಗಾಜಿನ ಮೇಲೂ ಹಾಕಿದವನಲ್ಲ. ಆದರೆ ಕಾಗದದ ಮೇಲೆ ನಿಲ್ಲುವ ಶಾಯಿ ಗಾಜಿನ ಮೇಲೆ ಯಾಕೆ ನಿಲ್ಲಬಾರದು? ಈ ಪ್ರಶ್ನೆ ನನಗೆ ಆಗ ತುಂಬ ಜಾಣತನದ್ದಾಗಿ ಕಂಡಿತ್ತು.

ರುದ್ರಣ್ಣ ಚೌಕಾಸಿಗೆ ಕೂತ. ‘ರುದ್ರಣ್ಣನ ಹೋಟ್ಲು, ಬಸ್ ಸ್ಟ್ಯಾಂಡ್ ಎದುರು, ಜಗಳೂರು’ ಎಂದು ಇರಬೇಕು ಎಂದ. ನಾನು ಬೆಲೆ ಹೇಳಿದೆ. ಅವನು ಬಸ್ ಸ್ಟ್ಯಾಂಡನ್ನು ತೆಗೆದ. ನಾನು ಮುಖ ಸಣ್ಣ ಮಾಡಿಕೊಂಡು ಬೆಲೆ ಸ್ವಲ್ಪ ಇಳಿಸಿದೆ. ಅವನು ಜಗಳೂರನ್ನೂ ತೆಗೆದ. ಸ್ಕ್ರೀನಿನಲ್ಲಿ ಎರಡಕ್ಷರವಿದ್ದರೂ ಇಪ್ಪತ್ತಿದ್ದರೂ ಕೆಲಸ ಒಂದೇ, ಖರ್ಚು ಒಂದೇ. ಅವನ ತಲೆಯಲ್ಲಿ ಅದೇ ಹಳೆಯ ಸುತ್ತಿಗೆ ಚಾಣದ ಲೆಕ್ಕವಿತ್ತು. ನಾನು ಅದನ್ನು ಬಿಡಿಸಿ ಹೇಳಲಿಲ್ಲ. ಇಳಿಸಿದ್ದಕ್ಕೆ ಪ್ರತಿಯಾಗಿ, ಲೋಟ ಮೇಲಿಂದ ಕೆಳಗೆ ಒಂದೇ ಅಳತೆಯ ನೇರ ಲೋಟವೇ ಆಗಿರಬೇಕು, ಕೆಳಗೆ ಕಿರಿದಾಗುವ ಗೆರೆ ಗೆರೆಯ ಲೋಟ ಬೇಡ ಎಂದು ಒಪ್ಪಿಸಿದೆ. ಆ ದಿನ ನಾನಾಡಿದ ಮಾತುಗಳಲ್ಲಿ ತೂಕವಿದ್ದದ್ದು ಇದೊಂದೇ.

ಕೊನೆಗೆ ಅವನು ತನ್ನ ಷರತ್ತು ಹೇಳಿದ. ಎಂಟು ಡಜನ್ ಲೋಟ. ಹಬ್ಬಕ್ಕೆ ಎರಡು ದಿನ ಮೊದಲು ಒಪ್ಪಿಸಬೇಕು. ಅವನು ತನಗೆ ಬೇಕಾದ ಲೋಟ ಆರಿಸಿ, ಕುದಿಯುವ ಸೋಡದ ನೀರಿನಲ್ಲಿ ಮುಳುಗಿಸಿ, ತೆಂಗಿನ ನಾರಿನಿಂದ ತಿಕ್ಕಿಸುತ್ತಾನೆ.

“ಒಂದು ಅಕ್ಷರ ಎದ್ರೂ ನೀ ದುಡ್ಡು ಕೇಳಾಕೆ ಬರಬ್ಯಾಡ” ಎಂದ. “ಲೋಟ ಎಲ್ಲಾ ಒರೆಸಿ ಕೊಟ್ಟು ಹೋಗು.”

“ಲೋಟ ಸವೀಬೇಕು ರುದ್ರಣ್ಣ, ಅಕ್ಷರ ಸವೆಯಾಕಿಲ್ಲ” ಎಂದೆ ನಾನು. ಇಂಥ ಮಾತುಗಳು ನನ್ನ ಬಾಯಿಗೆ ಬಹಳ ಸಲೀಸಾಗಿ ಬರುತ್ತವೆ.

ಗಾಜಿಗೆ ಬೇರೆಯೇ ಶಾಯಿ ಎಂದು ದಾವಣಗೆರೆಯಲ್ಲಿ ತಿಳಿಯಿತು. ಎರಡು ಡಬ್ಬಿ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಬೆಲೆ ಕೇಳಿ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಮದುವೆ ಕಾರ್ಡಿನ ಸುಗ್ಗಿ ಮುಗಿದಿತ್ತು, ಕೈ ಖಾಲಿ. ಹೊನ್ನಾಳಿಯ ಗಡಿಯಾರದ ಅಂಗಡಿಯವನು ನನಗೆ ಪರಿಚಯ, ಅವನ ಬೋರ್ಡೂ ನನ್ನದೇ. ಹೊಸ ಗಡಿಯಾರ ಅವನಿಗೆ ಕೊಟ್ಟೆ. ದೀಪಾವಳಿಯ ತನಕ ಇನ್ನೊಬ್ಬರಿಗೆ ಮಾರುವುದಿಲ್ಲ, ಅಷ್ಟರೊಳಗೆ ಬಂದರೆ ಕೊಟ್ಟ ಬೆಲೆಯ ಮೇಲೆ ಸ್ವಲ್ಪ ಹಾಕಿಕೊಂಡು ವಾಪಸು ಕೊಡುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಂಡೆ. ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗಲೇಬೇಕು. ಅಲ್ಲಿ ನಾಲ್ಕು ಜನ ನೆಂಟರ ನಡುವೆ ಅವರು ಕಟ್ಟಿದ ಗಡಿಯಾರ ಕೈಯಲ್ಲಿರಬೇಕು. ರುದ್ರಣ್ಣನ ಹಣ ಬಂದರೆ ಗಡಿಯಾರ ಬರುತ್ತದೆ. ಅಕ್ಷರ ನಿಂತರೆ ರುದ್ರಣ್ಣನ ಹಣ ಬರುತ್ತದೆ. ನನ್ನ ಮಾನವೆಲ್ಲ ಹೀಗೆ ಒಂದು ನೀಲಿ ಗೆರೆಯ ಮೇಲೆ ಬಂದು ನಿಂತಿತ್ತು.

ಗಿರಿಜೆಗೆ ಹೇಳಿದಾಗ ಅವಳು ಕೂಗಾಡಲಿಲ್ಲ. “ನಮ್ಮಪ್ಪಗೆ ನೀವೇ ಹೇಳ್ಕಳ್ರಿ. ನಾನು ಸುಳ್ಳೂ ಹೇಳಾಕಿಲ್ಲ, ಚಾಡೀನೂ ಹೇಳಾಕಿಲ್ಲ” ಎಂದಳು. ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು.

ಇನ್ನು ತೊಂದರೆಗಳು. ಒಂದೊಂದು ಊರು ಒಂದೊಂದನ್ನು ಕೊಟ್ಟಿತು.

ಚನ್ನಗಿರಿ ಕೊಟ್ಟದ್ದು ದುಂಡಗಿನ ತೊಂದರೆ. ಕಾಗದ ಚಪ್ಪಟೆ, ಲೋಟ ದುಂಡು. ಸ್ಕ್ರೀನನ್ನು ಮನೆಯ ಲೋಟದ ಮೇಲಿಟ್ಟು ರಬ್ಬರ್ ಎಳೆದರೆ ನಡುವಿನ ಅಕ್ಷರವೊಂದು ಬಿದ್ದು, ಆಚೀಚೆಯವು ಗಾಳಿಯಲ್ಲಿ ಉಳಿಯುತ್ತಿದ್ದವು. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ರಬ್ಬರ್ ಓಡಬಾರದು, ಲೋಟ ಓಡಬೇಕು. ಸೈಕಲ್ ರಿಪೇರಿಯವನ ಹತ್ತಿರ ನಾಲ್ಕು ಹಳೆಯ ಬೇರಿಂಗ್ ತಂದು ಹಲಗೆಯ ಮೇಲೆ ಕೂರಿಸಿ, ಅವುಗಳ ಮೇಲೆ ಲೋಟವನ್ನು ತೊಟ್ಟಿಲಿನಲ್ಲಿ ಮಲಗಿಸಿದ ಹಾಗೆ ಮಲಗಿಸಿದೆ. ರಬ್ಬರ್ ಒಂದೇ ಜಾಗದಲ್ಲಿ ಒತ್ತಿ ಹಿಡಿದು ಸ್ಕ್ರೀನನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ಲೋಟ ಉರುಳುತ್ತದೆ, ಅಕ್ಷರ ಸಾಲಾಗಿ ಇಳಿಯುತ್ತದೆ. ಅದನ್ನು ನೋಡಿದ ದಿನ ನಾನು ಊಟ ಮಾಡಲಿಲ್ಲ, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಲೋಟ ಕೆಳಗೆ ಕಿರಿದಾಗಿದ್ದರೆ ಅಕ್ಷರ ಬಾಳೆಹಣ್ಣಿನ ಹಾಗೆ ಬಾಗುತ್ತಿತ್ತು. ನೇರ ಲೋಟ ಕೇಳಿದ್ದು ಎಷ್ಟು ದೊಡ್ಡ ಪುಣ್ಯ ಎಂದು ಆಗ ಗೊತ್ತಾಯಿತು.

ಜಗಳೂರು ಕೊಟ್ಟದ್ದು ಗಾಳಿ. ತಾನು ಕೊಂಡ ಲೋಟಗಳನ್ನು ಹೊರಗೆ ಬಿಡಲು ರುದ್ರಣ್ಣನಿಗೆ ಮನಸ್ಸಿಲ್ಲ, ಅವನ ಹೊಸ ಕಟ್ಟಡದಲ್ಲೇ ಅಚ್ಚು ಹಾಕಲು ಕೂತೆ. ಬಾಗಿಲು ಇನ್ನೂ ಕೂರಿಸಿರಲಿಲ್ಲ. ಆ ಬಯಲುಸೀಮೆಯ ಒಣ ಗಾಳಿ ನುಗ್ಗಿ ನುಗ್ಗಿ ಮೂರನೆಯ ಲೋಟಕ್ಕೆ ಬರುವಷ್ಟರಲ್ಲಿ ಶಾಯಿ ಸ್ಕ್ರೀನಿನ ಕಣ್ಣಿನಲ್ಲೇ ಒಣಗುತ್ತಿತ್ತು. ‘ರು’ ಬರುತ್ತಿತ್ತು, ‘ದ್ರ’ ಬರುತ್ತಿರಲಿಲ್ಲ. ರುದ್ರಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ನನ್ನ ಹೆಸರು ನನಗೇ ಓದಾಕೆ ಆಗವಲ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಶಾಯಿ ಒಮ್ಮೆಗೆ ಒಂದು ಚಮಚದಷ್ಟೇ ಬೆರೆಸಬೇಕು, ಗಾಳಿಗೆ ಗೋಣಿಚೀಲ ಅಡ್ಡ ಕಟ್ಟಬೇಕು, ಮೂರು ಲೋಟಕ್ಕೊಮ್ಮೆ ಸ್ಕ್ರೀನಿನ ಅಡಿಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಬೇಕು ಎಂದು ಕಲಿತು ಒಂದು ಡಜನ್ ಮುಗಿಸಿದೆ. ಅಂದವಾಗಿಯೇ ಬಂದವು. ಎರಡು ದಿನ ಒಣಗಲು ಬಿಟ್ಟು ಬಿಸಿನೀರಿಗೆ ಹಾಕಿದರೆ ಅಕ್ಷರಗಳು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಎದ್ದು ನೀರಿನಲ್ಲಿ ತೇಲಿದವು. ರುದ್ರಣ್ಣ ಎಂಟು ಡಜನ್ನನ್ನೂ ಹಣ್ಣಿನ ಪೆಟ್ಟಿಗೆಗಳಲ್ಲಿ ಭತ್ತದ ಹುಲ್ಲು ಹಾಕಿ ತುಂಬಿಸಿ, ತೆಗೆದುಕೊಂಡು ಹೋಗು ಎಂದು ಕೈ ಮಾಡಿದ. ಗಾಜಿನ ಮೇಲೆ ಎದ್ದ ಶಾಯಿಯನ್ನು ಒರೆಸಿ ಮತ್ತೆ ಹಾಕಬಹುದು, ಅದೊಂದು ಸಮಾಧಾನ.

ಹೊನ್ನಾಳಿ ಕೊಟ್ಟದ್ದು ಕಾವು. ಗಾಜಿನ ಶಾಯಿಗೆ ಕಾವು ಕೊಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಓದಿಸಿಕೊಂಡೆ. ಅಷ್ಟು ಕಾವು ಎಲ್ಲಿ ಸಿಗುತ್ತದೆ? ಬೇಕರಿಯಲ್ಲಿ. ಹೊನ್ನಾಳಿಯ ಬೇಕರಿಯ ಕರೀಂ ಸಾಬರು ಬನ್ನು ತೆಗೆದ ಮೇಲೆ ಭಟ್ಟಿಯ ಉಳಿದ ಕಾವನ್ನು ನನಗೆ ಕೊಡಲು ಒಪ್ಪಿದರು. ಬದಲಿಗೆ ಅವರ ಬೇಕರಿಗೆ ಒಂದು ಬೋರ್ಡು. ಮೊದಲ ದಿನ ಅರ್ಧ ಗಂಟೆ ಇಟ್ಟು, ಅವಸರದಲ್ಲಿ ತಟ್ಟೆ ಹೊರಗೆಳೆದು ಕಲ್ಲಿನ ಕಟ್ಟೆಯ ಮೇಲಿಟ್ಟೆ. ಟಪ್, ಟಪ್ ಎಂದು ಆರು ಲೋಟ ಸೀಳಿದವು.

“ಬನ್ನಾದ್ರೆ ಬಿಸಿ ಬಿಸಿ ತೆಗೀಬೇಕು ಸ್ವಾಮಿ” ಎಂದರು ಸಾಬರು, ಚೂರು ಗುಡಿಸುತ್ತಾ. “ಗಾಜಿಗೇನು ಗಿರಾಕಿ ಕಾಯ್ತಾ ನಿಂತಾರಾ? ಭಟ್ಟೀಲೇ ಆರಾಕೆ ಬಿಡ್ರಿ.”

ಭಟ್ಟಿಯಲ್ಲೇ ಆರಲು ಬಿಟ್ಟೆ. ಲೋಟ ಸೀಳುವುದು ನಿಂತಿತು. ಆದರೆ ತಿಕ್ಕಿದರೆ ಅಕ್ಷರ ಮತ್ತೆ ಎದ್ದವು. ಹಬ್ಬಕ್ಕೆ ಒಂದು ವಾರ ಉಳಿದಿತ್ತು.

ಆ ವಾರ ಗಿರಿಜೆಯನ್ನು ತವರಿಗೆ ಬಿಡಬೇಕಾಗಿತ್ತು. ಹೊನ್ನಾಳಿಗೆ ನ್ಯಾಮತಿ ಹತ್ತಿರ, ಬೆಳಿಗ್ಗೆ ಅಲ್ಲಿ ಅಚ್ಚು ಹಾಕಿ ಮಧ್ಯಾಹ್ನ ಬಸ್ಸಿನಲ್ಲಿ ಬೇಕರಿಗೆ ಒಯ್ಯಬಹುದು ಎಂದು ಪೆಟ್ಟಿಗೆಗಳ ಸಮೇತ ಅಲ್ಲಿಗೇ ಹೋದೆ. ಉದ್ದ ತೋಳಿನ ಅಂಗಿ ತೊಟ್ಟು, ಮುಂಗೈಯ ಗುಂಡಿ ಹಾಕಿಕೊಂಡಿದ್ದೆ. ಸೆಕೆಗೆ ಬೆನ್ನು ನೀರಾಗುತ್ತಿತ್ತು. ಹೆಗಲ ಮೇಲೆ ಟವಲ್. ನಮ್ಮ ಕಡೆ ಹೆಗಲ ಮೇಲೆ ಟವಲ್ ಇಲ್ಲದ ಗಂಡಸನ್ನು ಯಾರೋ ಅಟ್ಟಿಸಿಕೊಂಡು ಬಂದಿದ್ದಾರೇನೋ ಎಂಬ ಹಾಗೆ ನೋಡುತ್ತಾರೆ. ಮುಖ ಒರೆಸಿಕೊಳ್ಳಲು, ಬಸ್ಸಿನ ಸೀಟು ಹಿಡಿಯಲು, ಕೂರುವ ಕಲ್ಲು ಝಾಡಿಸಲು, ಎಲ್ಲದಕ್ಕೂ ಅದೇ. ಬಟ್ಟೆ ಅಂಗಡಿಗೆ ಹೋದರೆ ಅಂಗಿಗಿಂತ ಟವಲ್ ಆರಿಸಲು ಹೆಚ್ಚು ಹೊತ್ತು ಹಿಡಿಯುತ್ತಿದ್ದ ಕಾಲ ಅದು.

ಮಾವನಿಗೆ ಆ ದಿನಗಳಲ್ಲಿ ಗಳಿಗೆ ಗಳಿಗೆಗೂ ಹೊತ್ತು ತಿಳಿಯಬೇಕಿತ್ತು. ಬೆಳಿಗ್ಗೆ ಪೂಜೆಗೆ ಕೂರುವಾಗ, ಊಟಕ್ಕೆ ಏಳುವಾಗ, ತೋಟದ ಕಡೆ ಹೊರಡುವಾಗ, ಟೈಮೆಷ್ಟಾತು ಅಳಿಯಂದ್ರೆ ಎಂದು ಕೇಳುತ್ತಿದ್ದರು. ನಾನು ಶಿವಮೊಗ್ಗದ ಬಸ್ಸು ಈಗ ತಾನೇ ಹೋಯಿತಲ್ಲ, ಹತ್ತೂಕಾಲು ಎನ್ನುತ್ತಿದ್ದೆ. ಶಾಲೆಯ ಗಂಟೆ ಹೊಡೆಯಿತಲ್ಲ, ಒಂದು ಗಂಟೆ. ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಬಂತಲ್ಲ. ಒಮ್ಮೆ ಯಾವ ಗುರುತೂ ಸಿಗದೆ ಅಂಗಳದ ನೆರಳು ನೋಡಿ ಹೇಳಿದೆ. ಎಷ್ಟು ಚುರುಕಾಗಿ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಿದ್ದೆ.

ಕೆಲಸ ಮಾತ್ರ ಸಾಗಲಿಲ್ಲ. ಶಾಯಿ ಕೆಟ್ಟದ್ದು ಎಂದುಕೊಂಡೆ. ಬೆರಕೆಯ ಅಳತೆ ಬದಲಿಸಿದೆ. ಲೋಟಗಳನ್ನು ಸೀಗೆಪುಡಿಯಲ್ಲಿ ತೊಳೆದೆ, ಸೋಡದಲ್ಲಿ ತೊಳೆದೆ, ತೊಳೆದದ್ದನ್ನು ಒಂದೊಂದಾಗಿ ಹೊಳೆಯುವ ಹಾಗೆ ಒರೆಸಿ ಸಾಲಾಗಿ ಇಟ್ಟೆ. ಭಟ್ಟಿಗೆ ಹೋಗಿ ಬಂದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತು ತಿಕ್ಕಿದರೆ ಎದ್ದವು. ಎರಡು ದಿನ ಹೀಗೇ.

ಮೂರನೆಯ ದಿನ ಬೆಳಿಗ್ಗೆ ಮಾವ ಪೂಜೆ ಮುಗಿಸಿ ಪಡಸಾಲೆಗೆ ಬಂದರು. ಹಣೆಯ ಮೇಲೆ, ತೋಳಿನ ಮೇಲೆ, ಬೆರಳಿನಲ್ಲಿ ವಿಭೂತಿ. ಒರೆಸಿಟ್ಟ ಲೋಟಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಗಾಜಿನೊಳಗೆ ಗುಳ್ಳೆಯಿದೆಯೋ ಏನೋ ಎಂದು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿದರು. ಬೆಳ್ಳಗೆ ಗುರುತಾಯಿತು. ಅಯ್ಯೋ ಎಂದು ತಮ್ಮ ಮಡಿ ಪಂಚೆಯ ತುದಿಯಿಂದಲೇ ಅಷ್ಟು ಜಾಗ ಒರೆಸಿ ಇಟ್ಟರು. ಮಾವನಿಗೆ ಮುಟ್ಟಬೇಡಿ ಎನ್ನಲು ಆಗುತ್ತದೆಯೇ? ಮುಗುಳ್ನಕ್ಕೆ. ಅದಕ್ಕೂ ಅಚ್ಚು ಹಾಕಿದೆ.

ಸಂಜೆ ಬೇಕರಿಯಿಂದ ತಂದು ತಿಕ್ಕಿದಾಗ ಹನ್ನೊಂದು ಲೋಟ ಬೋಳಾದವು. ಹನ್ನೆರಡನೆಯದರಲ್ಲಿ ‘ನ ಹೋಟ್ಲು’ ಎದ್ದಿತು. ‘ರುದ್ರಣ್ಣ’ ಏಳಲಿಲ್ಲ. ಉಗುರಿನಿಂದ ಕೆರೆದೆ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ರುದ್ರಣ್ಣ ಅಲ್ಲಾಡಲಿಲ್ಲ. ಲೋಟ ತಿರುಗಿಸಿ ನೋಡಿದರೆ ಉಳಿದ ಬಣ್ಣದ ಅಂಚು ದುಂಡಗೆ, ಹೆಬ್ಬೆಟ್ಟಿನ ಆಕಾರ.

ನಾನು ಹಿತ್ತಲಿನಿಂದಲೇ ಗಿರಿಜೆಯನ್ನು ಕರೆದೆ. ನಿಮ್ಮಪ್ಪನ ವಿಭೂತಿಯಲ್ಲಿ ಏನೋ ಇದೆ, ಇಲ್ಲಿ ನೋಡು ಎಂದೆ. ಅವಳು ಲೋಟ ನೋಡಿದಳು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಲೋಟ ಎಲ್ಲಾ ಎಂಥದ್ರಾಗೆ ಒರೆಸಿದ್ರಿ?”

ಹೆಗಲ ಮೇಲಿನ ಟವಲ್ ತೋರಿಸಿದೆ.

“ಮೂಸಿ ನೋಡ್ರಿ.”

ಮೂಸಿದೆ. ಕೊಬ್ಬರಿ ಎಣ್ಣೆ. ದಿನಾ ಬೆಳಿಗ್ಗೆ ತಲೆಗೆ ಅಂಗೈ ತುಂಬ ಎಣ್ಣೆ ಹಾಕಿ, ಕಿವಿಯ ಹಿಂದೆ ಇಳಿದದ್ದನ್ನೂ ಕತ್ತಿನ ಮೇಲೆ ಇಳಿದದ್ದನ್ನೂ ಒರೆಸಿಕೊಳ್ಳುತ್ತಿದ್ದದ್ದು ಅದೇ ಟವಲ್ಲಿನಲ್ಲಿ. ಲೋಟವನ್ನು ತೊಳೆಯುವುದು ಸೋಡದಲ್ಲಿ, ಒರೆಸುವುದು ಎಣ್ಣೆಯಲ್ಲಿ. ಒಂದೂವರೆ ತಿಂಗಳು ನಾನು ಜಗಳೂರಿನ ಗಾಳಿಯನ್ನು ಬೈದೆ, ಹೊನ್ನಾಳಿಯ ಭಟ್ಟಿಯನ್ನು ಬೈದೆ, ದಾವಣಗೆರೆಯ ಶಾಯಿಯನ್ನು ಬೈದೆ. ಕಳ್ಳ ನನ್ನ ಹೆಗಲ ಮೇಲೆಯೇ ಕೂತು ಬಸ್ಸಿನಲ್ಲಿ ನನ್ನ ಜೊತೆಗೇ ಊರೂರು ತಿರುಗುತ್ತಿದ್ದ. ಮಾವನ ಹೆಬ್ಬೆಟ್ಟು ಮುಟ್ಟಿದಷ್ಟು ಜಾಗದಲ್ಲಿ ವಿಭೂತಿ ಆ ಜಿಡ್ಡನ್ನು ಎತ್ತಿತ್ತು, ಒಗೆದ ಪಂಚೆ ಅದನ್ನು ಒರೆಸಿ ತೆಗೆದಿತ್ತು. ಅಷ್ಟು ಜಾಗದಲ್ಲಿ ಮಾತ್ರ ಶಾಯಿ ಗಾಜನ್ನು ಮುಟ್ಟಿತ್ತು.

ಮಾವ ಮಾತು ಕೇಳಿ ಹಿತ್ತಲಿಗೆ ಬಂದರು. ನಾನು ಸಂತೋಷದ ಭರದಲ್ಲಿ, ಎರಡು ಗಟ್ಟಿ ವಿಭೂತಿ ಕೊಡಿ, ಎಲ್ಲಾ ಲೋಟಕ್ಕೂ ತಿಕ್ಕುತ್ತೇನೆ ಎಂದುಬಿಟ್ಟೆ.

“ವಿಭೂತಿ ಹಣೆಗೆ ಅಳಿಯಂದ್ರೆ” ಎಂದರು ಮಾವ. “ಹೋಟ್ಲ ಲೋಟಕ್ಕೆ ಒಲೆ ಬೂದಿ ಸಾಕು. ತೆಳ್ಳನೆ ಬಟ್ಟ್ಯಾಗೆ ಸೋಸ್ಕಳ್ರಿ, ಕಲ್ಲಿದ್ರೆ ಗೀಚು ಬೀಳ್ತಾವೆ.”

ಬೂದಿ ಬಂತು. ಗಿರಿಜೆ ಸೋಸಿದಳು. ನಾನು ನೀರಿನ ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊದಲ ಲೋಟ ಕೈಗೆ ತೆಗೆದುಕೊಂಡು, ಕೆಲಸ ಮಾಡುವ ಯಾವ ಮನುಷ್ಯನಾದರೂ ಮಾಡುವ ಹಾಗೆ ಮುಂಗೈಯ ಗುಂಡಿ ಬಿಚ್ಚಿ ಎರಡೂ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದೆ.

ಆಮೇಲೆ ನೆನಪಾಯಿತು. ಮತ್ತೆ ಇಳಿಸಲು ಆಗುತ್ತದೆಯೇ? ಮದುವೆಯಾದಾಗಿನಿಂದ ಗಡಿಯಾರ ಕಟ್ಟಿ ಕಟ್ಟಿ ಎಡಗೈಯ ಮೇಲೆ ಬೆಳ್ಳಗೆ ಒಂದು ಪಟ್ಟಿ ಬಿದ್ದಿತ್ತು. ಬರಿಗೈಯಾಗಿದ್ದರೆ ಒಂದು ಪಕ್ಷ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ. ಆ ಪಟ್ಟಿ ಗಡಿಯಾರಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಮಾವ ಪಕ್ಕದ ಕಲ್ಲಿನ ಮೇಲೆ ಕೂತರು.

“ಮೂರು ದಿನದಿಂದ ಟೈಮು ಕೇಳ್ತಾನೇ ಇದೀನಿ” ಎಂದರು. “ಗಡಿಯಾರ ಎಲ್ಲೈತೆ ಅಂತ ಕೇಳಾಕೆ ಬಾಯಿ ಬರ್ಲಿಲ್ಲ. ನೀವೇ ಹೇಳ್ತೀರಿ ಅಂತ ಕಾದೆ.”

ಹೇಳಿದೆ. ಹೊನ್ನಾಳಿಯ ಅಂಗಡಿ, ಎರಡು ಡಬ್ಬಿ ಶಾಯಿ, ರುದ್ರಣ್ಣ, ಹಬ್ಬದ ಗಡುವು, ಎಲ್ಲ. ನನ್ನ ಜೀವನದಲ್ಲಿ ಒಂದೇ ಒಂದು ಸಲ ಬೆಲೆ ಏರಿಸದೆ ಇಳಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಆಗ. ಗಿರಿಜೆ ಬೂದಿ ಸೋಸುವುದನ್ನು ನಿಲ್ಲಿಸದೆ ತಲೆ ತಗ್ಗಿಸಿಕೊಂಡಿದ್ದಳು. ಮಾವ ಅರ್ಧ ಹೆಸರಿನ ಲೋಟ ಕೇಳಿ ತೆಗೆದುಕೊಂಡು, ಉಗುರಿನಿಂದ ಒಮ್ಮೆ ಕೆರೆದು ನೋಡಿದರು.

“ನಿಂತೈತಲ್ಲ.”

“ಅರ್ಧ ನಿಂತೈತೆ, ಮಾವ.”

“ಇನ್ನರ್ಧ ನಿಲ್ಲಿಸ್ರಿ. ಟೈಮು ಹಬ್ಬದ ದಿನ ಕೇಳ್ತೀನಿ.” ಇಷ್ಟು ಹೇಳಿ ತಾವೂ ಒಂದು ಲೋಟ ತೆಗೆದುಕೊಂಡು ಬೂದಿ ಹಚ್ಚಿ ತಿಕ್ಕತೊಡಗಿದರು. ಆ ಹಿತ್ತಲಿನಲ್ಲಿ ಮೂವರೂ ಕೂತು ಕತ್ತಲಾಗುವ ತನಕ ತಿಕ್ಕಿದೆವು. ತೊಳೆದ ಲೋಟವನ್ನು ಯಾರೂ ಒರೆಸಬಾರದು, ಬೋರಲು ಹಾಕಿದ್ದು ತಾನಾಗಿಯೇ ಒಣಗಬೇಕು, ಒಳಗೆ ಬೆರಳು ತೂರಿಸಿ ಎತ್ತಬೇಕು ಎಂದು ನಾನು ಇಬ್ಬರಿಗೂ ಆಜ್ಞೆ ಮಾಡುತ್ತಿದ್ದೆ. ನನ್ನ ಟವಲನ್ನು ಗಿರಿಜೆ ಎತ್ತಿಕೊಂಡು ಹೋಗಿ ಬಾವಿಯ ಹಗ್ಗದ ಪಕ್ಕ ನೇತುಹಾಕಿದಳು, ಹಬ್ಬ ಮುಗಿಯುವವರೆಗೆ ಅದು ಅಲ್ಲೇ ಇತ್ತು.

ಜಗಳೂರಿನ ಪರೀಕ್ಷೆ ಹೇಗಾಯಿತೆಂದು ಕೇಳುತ್ತೀರಿ. ರುದ್ರಣ್ಣ ಪೆಟ್ಟಿಗೆಯ ತಳದಿಂದ, ಮೂಲೆಯಿಂದ, ನಾನು ಬಚ್ಚಿಟ್ಟಿರಬಹುದು ಎಂದು ಅವನಿಗೆ ಅನುಮಾನವಿದ್ದ ಜಾಗದಿಂದೆಲ್ಲ ಐದು ಲೋಟ ಆರಿಸಿದ. ಕುದಿಯುವ ಸೋಡದ ನೀರಿಗೆ ಇಳಿಸಿದ. ಪಾತ್ರೆ ತೊಳೆಯುವ ಹೆಂಗಸಿನ ಕೈಗೆ ನಾರು ಕೊಟ್ಟು, ನಿನ್ನ ಜೀವ ಹಾಕಿ ತಿಕ್ಕು ಎಂದ. ಆಕೆ ತಿಕ್ಕಿದಳು. ಅವನು ತಾನೇ ನಾರು ಇಸಿದುಕೊಂಡು ತಿಕ್ಕಿದ. ನಾನು ಬೆಂಚಿನ ಮೇಲೆ ಕೂತು ಅವನದೇ ಟೀ ಕುಡಿದೆ. ಐದೂ ಲೋಟದ ಮೇಲೆ ರುದ್ರಣ್ಣನೂ ಇದ್ದ, ಹೋಟ್ಲೂ ಇತ್ತು.

ಅವನು ಬಹಳ ಹೊತ್ತು ಲೋಟ ತಿರುಗಿಸಿ ನೋಡಿ, “ಜಗಳೂರು ಅಂತ ಹಾಕ್ಸಿದ್ರೆ ಚೆನ್ನಾಗಿರ್ತಿತ್ತು ನೋಡು” ಎಂದ.

ಒಡೆದ ಆರು ಲೋಟಕ್ಕೂ ನಾನು ಇಟ್ಟುಕೊಂಡ ಈ ಅರ್ಧ ಹೆಸರಿನದಕ್ಕೂ ಬದಲಾಗಿ ಹೊಸವನ್ನು ಕೊಂಡು ಅಚ್ಚು ಹಾಕಿ ಕೊಟ್ಟಿದ್ದೆ, ಆ ಏಳರ ಮೇಲೆ ಮೊದಲೇ ‘ಜಗಳೂರು’ ಎಂದು ಸೇರಿಸಿದ್ದೆ. ತೋರಿಸಿದೆ. ಬಿಟ್ಟಿ ಎಂದೆ. ಅಕ್ಷರ ಹೆಚ್ಚಿದರೆ ಖರ್ಚು ಹೆಚ್ಚುವುದಿಲ್ಲ ಎಂದು ಅವತ್ತೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಹೊನ್ನಾಳಿಯವನು ಮಾತಿಗೆ ತಪ್ಪಿರಲಿಲ್ಲ. ಗಡಿಯಾರ ಬಂತು. ಹಬ್ಬದ ದಿನ ಪಡಸಾಲೆಯ ತುಂಬ ನೆಂಟರು, ಬೋರ್ಡು ಬರೆಯುವವನಿಗೆ ಯಾಕೆ ಕೊಡುತ್ತೀರಿ ಎಂದು ಕೇಳಿದ್ದ ಆ ನಾಲ್ಕೂ ಜನ ಇದ್ದರು. ಮಾವ ಊಟದ ಎಲೆ ಹಾಕಿಸುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ, ಟೈಮೆಷ್ಟಾತು ಅಳಿಯಂದ್ರೆ ಎಂದರು. ನಾನು ಅಂಗಿಯ ತೋಳನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ, ಕೈ ಎತ್ತಿ, ಗಡಿಯಾರ ನೋಡಿದೆ. ನಿಂತಿತ್ತು. ಒಂದೂವರೆ ತಿಂಗಳು ಗಡಿಯಾರವಿಲ್ಲದೆ ಕೀ ಕೊಡುವ ಅಭ್ಯಾಸವೇ ತಪ್ಪಿಹೋಗಿತ್ತು. ಮುಳ್ಳುಗಳು ಹಿಂದಿನ ದಿನದ ಏಳು ಗಂಟೆಯಲ್ಲಿ ಮಲಗಿದ್ದವು.

ಅಂಗಳದ ನೆರಳು ನೋಡಿ, ಒಂದೂಕಾಲು ಎಂದೆ. ಮಾವ ನೆರಳನ್ನೂ ನೋಡಿದರು, ನನ್ನನ್ನೂ ನೋಡಿದರು. ಗಡಿಯಾರ ಭಾರಿ ಸರಿಯಾಗಿ ನಡೀತೈತೆ ಎಂದು ನೆಂಟರಿಗೆ ಹೇಳಿ, ಎಲೆ ಹಾಕಲು ಒಳಗೆ ಕೂಗಿದರು.

ಇನ್ನು ನಿಮಗೆ. ಮನೆಯಲ್ಲೇ ಗಾಜಿನ ಮೇಲೆ ಅಚ್ಚು ಹಾಕುವ ಆಸೆಯಿದ್ದರೆ ದುಬಾರಿ ಶಾಯಿಗೆ ಮೊದಲೇ ಹೋಗಬೇಡಿ, ಮೊದಲು ನೇರವಾದ ಲೋಟ ಹುಡುಕಿ. ಶಾಯಿ ಚಮಚದಷ್ಟೇ ಬೆರೆಸಿ, ಉಳಿದರೆ ಕಲ್ಲಾಗುತ್ತದೆ. ಗಾಳಿ ಬೀಸುವ ಕಡೆ ಕೂರಬೇಡಿ. ಕಾವು ಕೊಟ್ಟದ್ದನ್ನು ಅಲ್ಲೇ ಆರಲು ಬಿಟ್ಟು ಆ ಹೊತ್ತಿನಲ್ಲಿ ಟೀ ಕುಡಿದು ಬನ್ನಿ. ನೂರು ಲೋಟ ಹಾಕುವ ಮೊದಲು ಒಂದನ್ನು ಹಾಕಿ, ಅದನ್ನು ನಿಮ್ಮ ಶತ್ರುವಿನ ಕೈಗೆ ಕೊಟ್ಟು ತಿಕ್ಕಿಸಿ. ಅಕ್ಷರ ಎದ್ದರೆ ಶಾಯಿಯನ್ನು ಬೈಯುವ ಮುಂಚೆ ಗಾಜಿನ ಮೇಲೆ ಒಂದು ತೊಟ್ಟು ನೀರು ಬಿಡಿ. ನೀರು ಹರಡಿ ನಿಂತರೆ ಗಾಜು ಶುದ್ಧ, ಮಣಿಮಣಿಯಾಗಿ ಉರುಳಿದರೆ ಜಿಡ್ಡಿದೆ. ಸೋಸಿದ ಬೂದಿ ಹಾಕಿ ತಿಕ್ಕಿ, ತೊಳೆಯಿರಿ, ಒರೆಸಬೇಡಿ. ಟವಲ್ ಎಷ್ಟೇ ಒಳ್ಳೆಯದಿದ್ದರೂ ಗೂಟಕ್ಕೆ ಹಾಕಿ ಬನ್ನಿ.

ಮತ್ತೆ, ಈ ಕೆಲಸಕ್ಕೆ ತೋಳು ಮಡಚಲೇಬೇಕು, ಬೇರೆ ದಾರಿಯಿಲ್ಲ. ಮುಂಗೈಯಲ್ಲಿ ಇರಬೇಕಾದದ್ದು ಏನಾದರೂ ಇಲ್ಲದಿದ್ದರೆ, ಅದನ್ನು ಕಟ್ಟಿದವರಿಗೆ ಮೊದಲೇ ಹೇಳಿ ಕೂತುಕೊಳ್ಳಿ. ತಿಕ್ಕಲು ಇನ್ನೆರಡು ಕೈ ಸಿಗುತ್ತವೆ.